ಗೆರೆ ಕಡಿದ ಜಾಗಕ್ಕೆ ಇವರೇ ಕಾವಲು

ಬೆಳಗಿನ ಐದೂವರೆ. ಲಸಿಕೆ ಉಗ್ರಾಣದ ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಣುಕಿ, ಇನ್ನು ಹತ್ತದೆ ವಿಧಿಯಿಲ್ಲ ಎಂಬಂತೆ ಹತ್ತಿಕೊಳ್ಳುತ್ತದೆ. ನಲವತ್ತಾರು ವರ್ಷದ ಹೆಂಗಸೊಬ್ಬರು ಕೊಡೆಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಸ್ವೆಟರಿನ ತೋಳನ್ನು ಮೊಣಕೈವರೆಗೆ ಏರಿಸಿ, ಕುರ್ಚಿಯ ಮೇಲಿನ ಚಪ್ಪಟೆ ದಿಂಬನ್ನು ಒಮ್ಮೆ ತಟ್ಟಿ ಕೂರುತ್ತಾರೆ. ಕಂಪ್ಯೂಟರಿಗೆ ಏಳಲು ಮೂರು ನಿಮಿಷ ಬೇಕು. ಅಷ್ಟರಲ್ಲಿ ಫ್ಲಾಸ್ಕಿನ ಟೀ ಅರ್ಧ ಲೋಟ ಮುಗಿದಿರುತ್ತದೆ.

ತೆರೆಯ ಮೇಲೆ ಅಂಕಿಗಳು ಸುರಿಯತೊಡಗುತ್ತವೆ. ಫ್ರಿಜ್ ಸಂಖ್ಯೆ, ತಾರೀಖು, ಗಂಟೆ, ಎಷ್ಟು ಡಿಗ್ರಿ. ಮತ್ತೆ ಇನ್ನೊಂದು ಫ್ರಿಜ್, ಅದರ ಗಂಟೆ, ಅದರ ಡಿಗ್ರಿ. ನಮ್ಮ ನಿಮ್ಮಂಥವರು ಎರಡು ನಿಮಿಷ ನೋಡಿದರೆ ತಲೆ ಗಿರ್ರೆನ್ನುತ್ತದೆ. ಇವರು ಮಾತ್ರ ಸಾಲುಗಳ ಗೋಜಿಗೆ ಹೋಗದೆ ನೇರವಾಗಿ ಕೊನೆಗಿಳಿದು, ಒಟ್ಟು ಎಷ್ಟು ಬಂತು ಎಂದು ನೋಡಿ ಹುಬ್ಬು ಗಂಟಿಕ್ಕುತ್ತಾರೆ.

“ಎಂಟು ಸಾವಿರದ ಮುನ್ನೂರ ಐವತ್ತೆರಡು ಬರಬೇಕಿತ್ತು. ಇನ್ನೂರ ಮೂವತ್ತಮೂರು ಕಮ್ಮಿ ಇದೆ. ಎಲ್ಲಿ ಹೋಗಿ ಕೂತ್ಕೊಂಡ್ವೋ ಪುಣ್ಯಾತ್ಮರು!”

ಲೆಕ್ಕ ಸರಳ. ಈ ಉಗ್ರಾಣದ ಕೈಕೆಳಗೆ ಐವತ್ತೆಂಟು ಆರೋಗ್ಯ ಕೇಂದ್ರಗಳಿವೆ. ಒಂದೊಂದರಲ್ಲೂ ಮಕ್ಕಳ ಲಸಿಕೆ ಇಡುವ ಒಂದು ಫ್ರಿಜ್ ಇದೆ. ಫ್ರಿಜ್ಜಿನೊಳಗೆ ಬೆರಳುದ್ದದ ಒಂದು ಅಳತೆ ಕಡ್ಡಿ. ಅದು ಹತ್ತು ನಿಮಿಷಕ್ಕೊಮ್ಮೆ ತಂಪೆಷ್ಟಿದೆ ಎಂದು ನೋಡಿ ಡೇಟಾಬೇಸಿಗೆ ಒಂದು ಸಾಲು ಕಳಿಸುತ್ತದೆ. ದಿನಕ್ಕೆ ಒಂದು ಫ್ರಿಜ್ಜಿನಿಂದ ನೂರಾ ನಲವತ್ತನಾಲ್ಕು ಸಾಲು. ಐವತ್ತೆಂಟರಿಂದ ಎಷ್ಟು ಎಂಬುದನ್ನು ಅವರೇ ಆಗಲೇ ಹೇಳಿದರು. ಈ ಕಲಸುಮೇಲೋಗರದಿಂದ ಏಳು ಗಂಟೆಯೊಳಗೆ ಐವತ್ತೆಂಟು ಗ್ರಾಫ್ ಎದ್ದು ನಿಂತು ವೆಬ್ ಪೇಜಿನ ಮೇಲೆ ಬಂದಿರಬೇಕು. ಏಳೂವರೆಗೆ ಅಷ್ಟೂ ಕೇಂದ್ರಗಳ ನರ್ಸುಗಳು ಮೊಬೈಲಿನಲ್ಲಿ ತಮ್ಮ ಫ್ರಿಜ್ಜಿನ ಗೆರೆ ನೋಡುತ್ತಾರೆ. ಗೆರೆ ಎರಡು ಡಿಗ್ರಿಗೂ ಎಂಟು ಡಿಗ್ರಿಗೂ ನಡುವೆ, ಹಸಿರು ಪಟ್ಟಿಯೊಳಗೆ ಇದ್ದರೆ ಬೀಗ ತೆಗೆಯುತ್ತಾರೆ. ಇಲ್ಲದಿದ್ದರೆ ತೆಗೆಯುವುದಿಲ್ಲ.

ಯಾಕಿಷ್ಟು ಕಟ್ಟುನಿಟ್ಟು ಎಂದರೆ, ಲಸಿಕೆ ಬಿಸಿಯಾದರೂ ಕೆಡುತ್ತದೆ, ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಕೆಟ್ಟದ್ದೂ ಚೆನ್ನಾಗಿರುವುದೂ ಶೀಶೆಯಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಚುಚ್ಚಿದಾಗ ಮಗು ಅಳುವುದೂ ಒಂದೇ ಥರ. ಗೊತ್ತಾಗುವುದು ತಿಂಗಳುಗಳು ಕಳೆದ ಮೇಲೆ, ಕಾಯಿಲೆ ಮನೆಯೊಳಗೆ ಬಂದಾಗ.

ಈ ಐವತ್ತೆಂಟು ಗೆರೆಗಳ ಹಿಂದಿರುವ ಹೆಂಗಸನ್ನು ನರ್ಸುಗಳು ಕರೆಯುವುದು “ಗೆರೆ ಅಕ್ಕ” ಎಂದು. ಹೆಚ್ಚಿನವರು ಅವರ ಮುಖ ನೋಡಿಲ್ಲ, ದನಿ ಮಾತ್ರ ಪರಿಚಯ. ವೆಬ್ ಪೇಜಿನ ಕೆಳಗೆ ಅದನ್ನು ಕಟ್ಟಿದ ಕಂಪನಿಯ ಹೆಸರಿದೆ, ಇಲಾಖೆಯ ಮುದ್ರೆಯಿದೆ, ಎಷ್ಟು ಜನ ನೋಡಿದರು ಎಂಬ ಲೆಕ್ಕವೂ ಇದೆ. ಅಕ್ಕನ ಹೆಸರಿಲ್ಲ. ಕೇಳಿದರೆ ನಗುತ್ತಾರೆ. “ಮಾಡಿದವರ ಹೆಸರು ಹಾಕೋಕೆ ಅದೇನು ಮದುವೆ ಕಾಗದನಾ?”

ಗೆರೆ ಎಳೆಯುವುದು ಯಂತ್ರವಲ್ಲವೇ, ಇವರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಅವರ ಗಂಡನೇ ಕೇಳುತ್ತಾರೆ. ಗಂಡನಿಗೆ ಬೀಗದ ಕೈ ಮಾಡಿಕೊಡುವ ಪುಟ್ಟ ಅಂಗಡಿ. “ನಾಲ್ಕು ಗೆರೆ ಎಳೆಯೋಕೆ ಕೋಳಿ ಕೂಗೋ ಹೊತ್ತಿಗೆ ಏಳಬೇಕಾ?” ಎಂದು ಒಂಬತ್ತು ವರ್ಷದಿಂದ ಕೇಳುತ್ತಿದ್ದಾರೆ. ಕೇಳುತ್ತಲೇ ಎದ್ದು ಫ್ಲಾಸ್ಕಿಗೆ ಟೀ ತುಂಬಿಸಿ ಕೊಡುತ್ತಾರೆ.

ಅಕ್ಕನ ಉತ್ತರ ಅವರ ಕೀಬೋರ್ಡಿನ ಮೇಲಿದೆ. ಡೇಟಾಬೇಸಿಗೆ ಪ್ರಶ್ನೆ ಕೇಳಿದರೆ ಅದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ, ಅದೂ ತನಗೆ ತೋಚಿದ ವೇಷದಲ್ಲಿ. ಸಂಖ್ಯೆಗಳನ್ನು ಅಕ್ಷರವೆಂದು ತಿಳಿದು ಒಂದರ ನಂತರ ಹತ್ತನ್ನೂ ಹನ್ನೊಂದನ್ನೂ ನಿಲ್ಲಿಸಿ, ಎರಡನ್ನು ಹತ್ತೊಂಬತ್ತರ ಹಿಂದೆ ತಳ್ಳುತ್ತದೆ. ಎಲ್ಲಾ ಫ್ರಿಜ್ಜುಗಳ ಸಾಲನ್ನೂ ಗಂಟೆಯ ಪ್ರಕಾರ ಒಟ್ಟಿಗೆ ಹೆಣೆದು ಕೊಡುತ್ತದೆ. ಅದನ್ನು ಬಿಡಿಸಿ ಒಬ್ಬೊಬ್ಬರನ್ನೂ ಅವರವರ ಸಾಲಿನಲ್ಲಿ ಕೂರಿಸಬೇಕು. ಐದನೇ ಫ್ರಿಜ್ಜಿನ ಕಡ್ಡಿ ಒಂದೇ ಅಳತೆಯನ್ನು ಎರಡೆರಡು ಸಲ ಕಳಿಸುತ್ತದೆ. ಮೂವತ್ತರ ಗಡಿಯಾರ ಇಪ್ಪತ್ತು ನಿಮಿಷ ಮುಂದೆ ಓಡುತ್ತದೆ. ನಲವತ್ತೊಂದನೆಯದು ಬಹಳ ಹಳೆಯದು, ಅದು ಫ್ಯಾರನ್‌ಹೀಟ್‌ನಲ್ಲೇ ಮಾತಾಡುತ್ತದೆ.

“ಮೊದಲನೇ ಸಲ ಅದು ಮೂವತ್ತೊಂಬತ್ತು ಅಂದಾಗ ಲಸಿಕೆ ಬೆಂದೇ ಹೋಯ್ತು ಅಂದ್ಕೊಂಡೆ. ಆಮೇಲೆ ನೋಡಿದ್ರೆ ನಾಲ್ಕು ಡಿಗ್ರಿಯಲ್ಲಿ ತಣ್ಣಗೆ ಕೂತಿದೆ, ಭಾಷೆ ಮಾತ್ರ ಬೇರೆ. ಈಗ ಅದಕ್ಕೆ ನಾನೇ ದುಭಾಷಿ.”

ನರ್ಸುಗಳ ಮೊಬೈಲು ಅಂಗೈಯಗಲ. ನೂರಾ ನಲವತ್ತನಾಲ್ಕು ಚುಕ್ಕಿ ಅದರಲ್ಲಿ ಇಟ್ಟರೆ ಗೆರೆಯಲ್ಲ, ಕೂದಲು ಗಂಟಾದ ಹಾಗೆ ಕಾಣುತ್ತದೆ. ಹಾಗಾಗಿ ಅಕ್ಕ ಪ್ರತಿ ಅರ್ಧ ಗಂಟೆಯದನ್ನು ಒಟ್ಟು ಮಾಡುತ್ತಾರೆ. ಆದರೆ ಸರಾಸರಿ ತೆಗೆಯುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು, ಎರಡನ್ನೇ ಇಡುತ್ತಾರೆ. “ಸರಾಸರಿ ಅನ್ನೋದು ತುಂಬಾ ಒಳ್ಳೇ ಮನುಷ್ಯ. ಯಾರ ತಪ್ಪನ್ನೂ ಹೊರಗೆ ಹಾಕಲ್ಲ. ಅಂಥವರನ್ನ ಈ ಕೆಲಸಕ್ಕೆ ಇಟ್ಕೋಬಾರದು” ಎನ್ನುತ್ತಾರೆ.

ಇದನ್ನೆಲ್ಲ ಅವರು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಪದವಿ ಪತ್ರದಲ್ಲಿರುವುದು ಇತಿಹಾಸ. ಹದಿನೈದು ವರ್ಷದ ಹಿಂದೆ ಉಗ್ರಾಣಕ್ಕೆ ಬಂದದ್ದು ಟೈಪಿಸ್ಟ್ ಆಗಿ, ಗುತ್ತಿಗೆಯ ಮೇಲೆ. ಆಗ ಕೇಂದ್ರಗಳಿಂದ ಟಪಾಲಿನಲ್ಲಿ ಬರುತ್ತಿದ್ದ ಕಾಗದದ ಪಟ್ಟಿಗಳಲ್ಲಿನ ಡಿಗ್ರಿಗಳನ್ನು ಕಂಪ್ಯೂಟರಿಗೆ ಏರಿಸುವುದೇ ಕೆಲಸ. ಅಳತೆ ಕಡ್ಡಿಗಳು ಬಂದ ಮೇಲೆ ಟೈಪಿಸ್ಟರು ಬೇಡವಾದರು. ಮೂವರು ಬೇರೆ ಕಡೆ ಹೋದರು. ಕಂಪನಿಯವರು ವೆಬ್ ಪೇಜ್ ಕಟ್ಟಿಕೊಟ್ಟು, ದಪ್ಪನೆಯ ಒಂದು ಕೈಪಿಡಿ ಮೇಜಿನ ಮೇಲಿಟ್ಟು ಹೊರಟುಹೋದರು. ಆ ಕೈಪಿಡಿಯನ್ನು ಬಿಡಿಸಿ ಓದಿದವರು ಇಡೀ ಕಚೇರಿಯಲ್ಲಿ ಇವರೊಬ್ಬರೇ. ಇಂದಿಗೂ ಹುದ್ದೆಯ ಹೆಸರು “ಡೇಟಾ ಎಂಟ್ರಿ ಆಪರೇಟರ್”. ಇಂದಿಗೂ ಗುತ್ತಿಗೆಯೇ, ವರ್ಷಕ್ಕೊಮ್ಮೆ ಸಾಹೇಬರ ಸಹಿ ಬೀಳಬೇಕು.

ಇಲ್ಲಿಯವರೆಗೆ ಅಕ್ಕ ನಗುನಗುತ್ತಲೇ ಮಾತಾಡುತ್ತಾರೆ. ಒಂಬತ್ತು ವರ್ಷದ ಹಿಂದಿನ ಮಾತು ಬಂದಾಗ ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಡುತ್ತಾರೆ.

ಆಗ ಗ್ರಾಫುಗಳು ಹೊಸತು. ಒಂದು ಬೆಳಿಗ್ಗೆ ಪೇಜು ತೆರೆಯಲೇ ಇಲ್ಲ. ಬೆಳ್ಳಗೆ ಖಾಲಿ. ಹುಡುಕಿ ನೋಡಿದರೆ ಒಂದು ಫ್ರಿಜ್ಜಿನಿಂದ ಕೆಲವು ಅಳತೆ ಬಂದಿಲ್ಲ, ಆ ಜಾಗ ಬರಿದಾಗಿದೆ, ಬರಿದನ್ನು ನುಂಗಲಾರದೆ ಗ್ರಾಫು ಮುಷ್ಕರ ಹೂಡಿದೆ. ಕಂಪನಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಕೇಂದ್ರಗಳಿಂದ ಫೋನ್ ಮೇಲೆ ಫೋನ್. ಅಕ್ಕ ತಮ್ಮ ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಸೇರಿಸಿದರು: ಅಳತೆ ಬರದ ಕಡೆ ಸೊನ್ನೆ ಹಾಕು. ಪೇಜು ಥಟ್ಟನೆ ಎದ್ದು ನಿಂತಿತು. ಆಗಿನ ಸಾಹೇಬರು ಎಲ್ಲರೆದುರು ಅವರ ಬೆನ್ನು ತಟ್ಟಿದರು.

“ಆ ಶಬಾಶ್‌ಗಿರಿ ನೆನಪಾದ್ರೆ ಈಗಲೂ ಬೆನ್ನು ಉರಿಯುತ್ತೆ” ಎನ್ನುತ್ತಾರೆ.

ಎರಡು ವಾರ ಕಳೆದಿತ್ತು. ಒಂದೇ ಸಲ ತರಿಸಿದ್ದ ಮೂರು ಕಡ್ಡಿಗಳ ಬ್ಯಾಟರಿ ಒಂದೇ ದಿನ ಸತ್ತವು. ಮೂರು ಕೇಂದ್ರಗಳ ಗೆರೆ ನಾಲ್ಕು ಡಿಗ್ರಿಯಿಂದ ನೆಟ್ಟಗೆ ಸೊನ್ನೆಗೆ ಬಿತ್ತು. ಬೇರೆ ಯಾವ ಲೆಕ್ಕದಲ್ಲಾದರೂ ಸೊನ್ನೆ ಎಂದರೆ ಏನೂ ಇಲ್ಲ ಎಂದಾದೀತು. ಫ್ರಿಜ್ಜಿನ ಲೆಕ್ಕದಲ್ಲಿ ಸೊನ್ನೆ ಎಂದರೆ ನೀರು ಗಡ್ಡೆಕಟ್ಟುವ ತಂಪು, ಲಸಿಕೆ ಹೆಪ್ಪುಗಟ್ಟಿತು ಎಂದರ್ಥ. ಗೆರೆ ಒಂದಿಡೀ ರಾತ್ರಿ ಸೊನ್ನೆಯಲ್ಲೇ ಮಲಗಿದ್ದನ್ನು ನೋಡಿದ ಅಧಿಕಾರಿಗಳು ನಿಯಮದಂತೆ ನಡೆದರು. ಸಾವಿರದ ನೂರಾ ನಲವತ್ತು ಶೀಶೆಗಳನ್ನು ಗುಂಡಿ ತೋಡಿ ಹೂತರು. ನಾಲ್ಕು ದಿನದ ನಂತರ ಬ್ಯಾಟರಿ ಬದಲಿಸಲು ಹೋದ ಮೆಕ್ಯಾನಿಕ್, ಫ್ರಿಜ್ಜಿನ ತಳದಲ್ಲಿ ಯಾರೂ ನೋಡದೆ ಬಿಟ್ಟಿದ್ದ ಹಳೇ ಥರ್ಮಾಮೀಟರ್ ನೋಡಿ ಬಂದು ಹೇಳಿದರು, ಫ್ರಿಜ್ಜುಗಳು ಒಂದು ಗಳಿಗೆಯೂ ಕೆಟ್ಟಿರಲಿಲ್ಲ, ಅಷ್ಟೂ ಹೊತ್ತು ನಾಲ್ಕು ಡಿಗ್ರಿಯಲ್ಲೇ ಇದ್ದವು ಎಂದು. ಚೆನ್ನಾಗಿದ್ದ ಲಸಿಕೆಯನ್ನು ಮಣ್ಣುಪಾಲು ಮಾಡಿದ್ದು ಒಂದು ಸೊನ್ನೆ.

ಹೊಸ ದಾಸ್ತಾನು ಬರಲು ಐದು ವಾರ ಹಿಡಿಯಿತು. ಆ ಮೂರು ಕೇಂದ್ರಗಳಲ್ಲಿ ಒಂದು ಅಕ್ಕನ ನಾದಿನಿಯ ಊರಿನದು. ನಾದಿನಿಯ ಮಗಳಿಗೆ ಆಗ ಎರಡೂವರೆ ತಿಂಗಳು. ಮಗುವನ್ನು ಎತ್ತಿಕೊಂಡು ಎರಡು ಸಲ ಹೋದರು, ಎರಡು ಸಲವೂ “ಇಲ್ಲ, ಮುಂದಿನ ವಾರ ಬನ್ನಿ” ಎಂದು ವಾಪಸು ಕಳಿಸಿದರು. ನಾಲ್ಕನೇ ವಾರ ಮಗುವಿಗೆ ನಾಯಿಕೆಮ್ಮು ಹತ್ತಿತು. ಎರಡು ತಿಂಗಳು ಕೆಮ್ಮಿತು. ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟುವಾಗ ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದವರಲ್ಲಿ ಅಕ್ಕನೂ ಒಬ್ಬರು.

ಮಗು ಬದುಕಿತು. ಈಗ ಅವಳು ಮೂರನೇ ತರಗತಿ, ಮನೆತುಂಬ ಬಾಯಿ. ಓಡಿದರೆ ಮಾತ್ರ ಬೇಗ ಏದುಸಿರು ಬರುತ್ತದೆ. ರಜೆಗೆ ಅಕ್ಕನ ಮನೆಗೆ ಬಂದಾಗ ಮೂರು ಮಹಡಿ ಹತ್ತಬೇಕು. ಪ್ರತಿ ಮಹಡಿಯ ತಿರುವಿನಲ್ಲೂ ಅಕ್ಕ ಗೋಡೆಗೆ ಕೈಕೊಟ್ಟು, “ತಡಿಯೇ ಪುಟ್ಟಿ, ನಿನ್ನ ಅತ್ತೆಗೆ ವಯಸ್ಸಾಯ್ತು” ಎಂದು ನಿಂತುಬಿಡುತ್ತಾರೆ. ಹುಡುಗಿ ಸುಧಾರಿಸಿಕೊಳ್ಳುತ್ತಾ, ಅತ್ತೆಯನ್ನು ಗೇಲಿ ಮಾಡುತ್ತಾ ಕಾಯುತ್ತಾಳೆ. ಅತ್ತೆಗೆ ಸುಸ್ತಾಗಿಲ್ಲ ಎಂಬುದು ಅವಳಿಗಿನ್ನೂ ಗೊತ್ತಾಗಿಲ್ಲ.

ಸೊನ್ನೆಯ ಕತೆಯನ್ನು ಅಕ್ಕ ನಾದಿನಿಗೆ ತಾವೇ ಹೇಳಿದರು, ಮಗು ಕೆಮ್ಮುವುದನ್ನು ನಿಲ್ಲಿಸಿದ ದಿನ. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾದಿನಿ ಮೂರು ತಿಂಗಳು ಮಾತು ಬಿಟ್ಟರು. ಆಮೇಲೊಂದು ದಿನ ಅವರೇ ಬಾಗಿಲಿಗೆ ಬಂದು, “ಅತ್ತಿಗೆ, ಸಿಟ್ಟು ಇನ್ನೂ ಇದೆ. ಆದ್ರೆ ನಿಮ್ಮನ್ನ ಬಿಟ್ಟು ಇರೋಕೂ ಆಗ್ತಿಲ್ಲ. ಒಳಗೆ ಕರೀತೀರೋ ಇಲ್ವೋ?” ಎಂದರಂತೆ. ಹೇಳುವಾಗ ಅಕ್ಕನ ಕಣ್ಣು ತುಂಬುತ್ತದೆ. ಒರೆಸಿಕೊಳ್ಳುವ ಗಡಿಬಿಡಿಯೇನೂ ಇಲ್ಲ.

“ಸರಿಯಾದ ಹೊತ್ತಿಗೆ ಚುಚ್ಚಿದ್ರೂ ಬರ್ತಿತ್ತೋ ಏನೋ ಅಂತ ಡಾಕ್ಟರು ಸಮಾಧಾನ ಹೇಳಿದ್ರು. ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇರೋದನ್ನ ಗೊತ್ತಿಲ್ಲ ಅಂತ ಬಿಡದೆ, ಸೊನ್ನೆ ಅಂತ ಬರೆದೆನಲ್ಲ, ಅದು ಮಾತ್ರ ನನ್ನದೇ ತಪ್ಪು.”

ಆ ವಾರವೇ ಕೈಪಿಡಿಯನ್ನು ಮತ್ತೆ ಮೊದಲಿನಿಂದ ಓದಿ, ಬರಿದಾದ ಜಾಗವನ್ನು ಬರಿದಾಗಿಯೇ ಬಿಡುವ ದಾರಿ ಕಂಡುಕೊಂಡರು. ಅಳತೆ ಬರದ ಕಡೆ ಗೆರೆ ನಿಲ್ಲುತ್ತದೆ, ಮತ್ತೆ ಬಂದ ಕಡೆ ಶುರುವಾಗುತ್ತದೆ. ನಡುವೆ ಏನೂ ಇಲ್ಲ. ಎಲ್ಲ ಕೇಂದ್ರಗಳಿಗೂ ಹೇಳಿದರು: ಗೆರೆ ಕಡಿದಿದ್ದರೆ ಬೀಗ ತೆಗೆಯುವ ಮೊದಲು ನನಗೊಂದು ಫೋನ್ ಮಾಡಿ. ಅವರ ಪ್ರೋಗ್ರಾಮಿನ ಮೊದಲನೇ ಸಾಲು ಕಂಪ್ಯೂಟರಿಗೆ ಸಂಬಂಧಪಟ್ಟದ್ದಲ್ಲ, ತಮಗೇ ಬರೆದುಕೊಂಡದ್ದು. “ಬರಿದು ಅಂದ್ರೆ ಸೊನ್ನೆ ಅಲ್ಲ. ಮರೀಬೇಡ.”

ಒಂಬತ್ತು ವರ್ಷ ಹೀಗೇ ನಡೆಯಿತು. ಈ ವರ್ಷ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಅಚ್ಚುಕಟ್ಟಿನ ಮನುಷ್ಯ. ಮೇಜಿನ ಮೇಲೆ ಪೆನ್ನು ಓರೆಯಾಗಿದ್ದರೂ ಸಹಿಸುವುದಿಲ್ಲ. ದೊಡ್ಡ ಊರಿನಿಂದ ತಪಾಸಣೆಯ ತಂಡವೊಂದು ಬರುವುದಿತ್ತು. ಅವರಿಗಾಗಿ ಸಭಾಂಗಣದ ಗೋಡೆಗೆ ದೊಡ್ಡ ಪರದೆ ಹಾಕಿಸಿ, ಅದರಲ್ಲಿ ಐವತ್ತೆಂಟು ಗ್ರಾಫನ್ನೂ ತೋರಿಸಿ ನೋಡಿದರು. ಅಲ್ಲಲ್ಲಿ ಹರಿದ ಗೆರೆಗಳು ಕಣ್ಣಿಗೆ ಚುಚ್ಚಿದವು. ತಮ್ಮ ಕೋಣೆಗೆ ಅಕ್ಕನನ್ನು ಕರೆಸಿದರು.

“ಏನಮ್ಮಾ ಇದು, ಇಲಿ ಕಡಿದ ಹಾಗಿದೆ? ಈ ತುದಿಯಿಂದ ಆ ತುದಿಗೆ ಜೋಡಿಸಿಬಿಡಿ. ಗ್ರಾಫಿನಲ್ಲೇ ಆ ಸೌಲಭ್ಯ ಇದೆಯಂತಲ್ಲ.”

ಇದೆ, ನಿಜ. ಒಂದು ಪದ ಬದಲಿಸಿದರೆ ಸಾಕು. ಅಕ್ಕ ಹಳೆಯ ಸೊನ್ನೆಯ ಕತೆ ಹೇಳತೊಡಗಿದರು. ಸಾಹೇಬರು ತಡೆದು, “ಅದು ಸೊನ್ನೆ ಹಾಕಿದ ತಪ್ಪು. ನಾನು ಸೊನ್ನೆ ಹಾಕಿ ಅನ್ನುತ್ತಿಲ್ಲ, ಜೋಡಿಸಿ ಅನ್ನುತ್ತಿದ್ದೇನೆ. ಸೋಮವಾರದಿಂದ ಹಾಗೇ ಬರಲಿ” ಎಂದರು. ಅಕ್ಕನ ಗುತ್ತಿಗೆಯ ಕಾಗದ ಅದೇ ಮೇಜಿನ ಮೇಲೆ, ಸಹಿಗೆ ಕಾದು ಕೂತಿತ್ತು. ಅಕ್ಕ ಹೊರಬಂದರು. ಮನೆಯಲ್ಲಿ ಗಂಡನಿಗೆ ನಡೆದದ್ದನ್ನು ಹೇಳಿದರು. ಗಂಡ, “ನೀನು ಏನು ಮಾಡಿದ್ರೂ ನಾಳೆ ಬೆಳಿಗ್ಗೆ ಫ್ಲಾಸ್ಕ್ ತುಂಬಿರುತ್ತೆ, ಬಿಡು” ಎಂದರಂತೆ.

ಸೋಮವಾರ ಬಂತು. ಬೆಳಿಗ್ಗೆ ಐದೂವರೆಗೆ ಅಕ್ಕ ಎರಡು ಪೇಜು ಸಿದ್ಧ ಮಾಡಿದರು, ಒಂದು ಜೋಡಿಸಿದ್ದು, ಇನ್ನೊಂದು ಹಳೆಯ ಕ್ರಮದ್ದು. ಪಕ್ಕಪಕ್ಕ ಇಟ್ಟು ಒಂದೊಂದೇ ಫ್ರಿಜ್ ನೋಡುತ್ತಾ ಹೋದರು. ಹದಿನೇಳನೆಯದಕ್ಕೆ ಬಂದಾಗ ಕೈ ನಿಂತಿತು. ಜೋಡಿಸಿದ ಪೇಜಿನಲ್ಲಿ ಅದರ ಗೆರೆ ಎಷ್ಟು ಚೆಂದ! ನಾಲ್ಕು ಮುಕ್ಕಾಲು ಡಿಗ್ರಿಯಿಂದ ಐದು ಡಿಗ್ರಿಗೆ, ಹಸಿರು ಪಟ್ಟಿಯ ನಟ್ಟನಡುವೆ, ತೊಟ್ಟಿಲ ಮಗುವಿನ ಉಸಿರಿನಷ್ಟು ನಿರಾಳ. ಹಳೆಯ ಪೇಜಿನಲ್ಲಿ ಅದೇ ಜಾಗದಲ್ಲಿ ದೊಡ್ಡ ಬಾಯಿ ತೆರೆದಿತ್ತು. ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದೂವರೆಯವರೆಗೆ ಒಂದೇ ಒಂದು ಅಳತೆಯಿಲ್ಲ.

ಏಳು ಗಂಟೆ. “ಗುತ್ತಿಗೆ ಹೋದ್ರೆ ಮನೆ ಹೇಗೆ ಅಂತಲೂ ಅನಿಸ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಆ ಜೋಡಿಸಿದ ಗೆರೆ ನೋಡಿದಾಗೆಲ್ಲ ಪುಟ್ಟಿ ಮೆಟ್ಟಿಲ ಮೇಲೆ ನಿಂತು ಉಸಿರು ಎಳ್ಕೊಳ್ಳೋದೇ ಕಣ್ಣಮುಂದೆ ಬರ್ತಿತ್ತು.” ಅಕ್ಕ ಕಡಿದ ಗೆರೆಯ ಪೇಜನ್ನೇ ಹಾಕಿದರು. ಹಾಕಿ, ಲೋಟ ತೊಳೆದಿಟ್ಟು, ಸಾಹೇಬರು ಬರುವುದನ್ನು ಕಾಯುತ್ತಾ ಕೂತರು.

ಮೊದಲು ಬಂದದ್ದು ಸಾಹೇಬರಲ್ಲ, ಏಳೂವರೆಗೆ ಒಂದು ಫೋನ್. ಹದಿನೇಳನೇ ಫ್ರಿಜ್ಜಿನ ಸಿಸ್ಟರ್. ಮುಂದಿನ ವರ್ಷ ನಿವೃತ್ತಿಯಾಗುವವರು, ಅಕ್ಕನಿಗಿಂತ ಹದಿಮೂರು ವರ್ಷ ದೊಡ್ಡವರು, ಆದರೂ ಅಕ್ಕ ಎಂದೇ ಕರೆಯುತ್ತಾರೆ.

“ಗೆರೆ ಅಕ್ಕಾ, ನಮ್ಮದು ಕಡಿದಿದೆಯಲ್ರೀ. ಫ್ರಿಜ್ ಅಂತೂ ಜಮ್ಮಂತ ಓಡ್ತಾ ಇದೆ. ಮುಟ್ಟಿದ್ರೆ ತಣ್ಣಗಿದೆ. ತೆಗೀಲಾ?”

“ಲಸಿಕೆ ಮುಟ್ಟಬೇಡಿ ಸಿಸ್ಟರ್, ಬಾಗಿಲು ಮಾತ್ರ ತೆಗೀರಿ. ಒಳಗೆ ತಳದಲ್ಲಿ ಹಳೇ ಥರ್ಮಾಮೀಟರ್ ಇದೆಯಲ್ಲ, ಅದನ್ನ ತೆಗೆದು ನೋಡಿ. ಎಷ್ಟರ ತನಕ ಏರಿತ್ತು ಅಂತ ಅದರಲ್ಲಿ ಗುರುತು ಉಳಿದಿರುತ್ತೆ. ಹಾಗೇ ಪ್ಲಗ್ ಕಡೆನೂ ಒಂದು ಸಲ ಕಣ್ಣು ಹಾಯಿಸಿ.”

ಫೋನಿನಲ್ಲಿ ಡಬ್ಬಿಗಳನ್ನು ಎತ್ತಿಡುವ ಸದ್ದು. ಬಹಳ ಹೊತ್ತು. ಆಮೇಲೆ ಸಿಸ್ಟರ್ ದನಿ ಇಳಿದಿತ್ತು.

“ಹತ್ತೊಂಬತ್ತು ತೋರಿಸ್ತಿದೆ ಅಕ್ಕಾ. ಪ್ಲಗ್ ಮೇಲೆ ನೀಲಿ ಬಣ್ಣದ ಹೆಬ್ಬೆಟ್ಟು ಮೂಡಿದೆ. ಹಸಿಹಸಿ.”

ಕೇಂದ್ರಕ್ಕೆ ಭಾನುವಾರ ರಜೆ. ಗೋಡೆಗೆ ಬಣ್ಣ ಬಳಿಯಲು ಬಂದವರು ತಮ್ಮ ದೀಪ ಹಚ್ಚಿಕೊಳ್ಳಲು ಫ್ರಿಜ್ಜಿನ ಪ್ಲಗ್ ಕಿತ್ತಿದ್ದಾರೆ. ಕೆಲಸ ಮುಗಿಸಿ, ಪಾಪ, ಮರೆಯದೆ ವಾಪಸು ಚುಚ್ಚಿದ್ದಾರೆ. ಬಾಗಿಲ ರಬ್ಬರು ಸಡಿಲವಾಗಿದ್ದ ಫ್ರಿಜ್, ಮುಚ್ಚಿದ ಕೋಣೆಯ ಸೆಕೆಯಲ್ಲಿ ಬೆಚ್ಚಗಾಗಿದೆ. ಅಲ್ಲಿನ ಅಳತೆ ಕಡ್ಡಿ ಬ್ಯಾಟರಿಯದಲ್ಲ, ಅದಕ್ಕೂ ಅದೇ ಪ್ಲಗ್ಗಿನಿಂದ ಕರೆಂಟು, ಫ್ರಿಜ್ ಮಲಗಿದರೆ ಅದೂ ಮಲಗುತ್ತದೆ. ಎದ್ದ ಮೇಲೂ ಎರಡು ಗಂಟೆ ತೂಕಡಿಸಿಯೇ ಮೊದಲ ಸಾಲು ಕಳಿಸುವುದು. ಅಷ್ಟರಲ್ಲಿ ಫ್ರಿಜ್ ಮತ್ತೆ ತಣ್ಣಗಾಗಿ ಏನೂ ನಡೆದೇ ಇಲ್ಲವೆಂಬಂತೆ ಕೂತಿದೆ. ಬಿಸಿಯಾದ ಅಷ್ಟು ಹೊತ್ತಿಗೂ ಉಳಿದಿದ್ದ ಸಾಕ್ಷಿ ಆ ಖಾಲಿ ಜಾಗ ಒಂದೇ.

ಒಂಬತ್ತೂವರೆಗೆ ಸಾಹೇಬರು ಬಂದವರೇ ಪರದೆ ನೋಡಿ ಅಕ್ಕನನ್ನು ಕೋಣೆಗೆ ಕರೆಸಿದರು. “ನಾನು ಹೇಳಿದ್ದೇನು, ನೀವು ಮಾಡಿದ್ದೇನು?” ಅಕ್ಕ ವಾದ ಮಾಡಲಿಲ್ಲ. ಹದಿನೇಳನೇ ಫ್ರಿಜ್ಜಿನ ಎರಡು ಚಿತ್ರವನ್ನೂ ಕಾಗದದಲ್ಲಿ ತೆಗೆದು ತಂದಿದ್ದರು. ಜೋಡಿಸಿದ್ದನ್ನು ಎಡಕ್ಕೂ ಕಡಿದದ್ದನ್ನು ಬಲಕ್ಕೂ ಇಟ್ಟರು. “ಸಾರ್, ಸಿಸ್ಟರ್‌ಗೆ ನೀವೇ ಒಂದು ಸಲ ಫೋನ್ ಮಾಡಿ” ಎಂದಷ್ಟೇ ಹೇಳಿದರು.

ಸಾಹೇಬರು ಸ್ಪೀಕರ್ ಹಾಕಿ ಮಾಡಿದರು. ಸಿಸ್ಟರ್ ಯಾರ ಮುಲಾಜಿಗೂ ಬೀಳುವವರಲ್ಲ. “ಗೆರೆ ನಿಂತಿದ್ದಕ್ಕೆ ನಾನೂ ನಿಂತೆ, ಸಾರ್. ಅದು ನೆಟ್ಟಗೆ ಇದ್ದಿದ್ರೆ ಇಷ್ಟೊತ್ತಿಗೆ ಹದಿನಾಲ್ಕು ಮಕ್ಕಳಿಗೆ ಆ ಲಸಿಕೇನೇ ಚುಚ್ಚಿ ಮನೆಗೆ ಕಳಿಸಿರ್ತಿದ್ದೆ. ಈಗ ಆ ಪೆಟ್ಟಿಗೆ ಪರೀಕ್ಷೆಗೆ ಹೊರಟಿದೆ. ಪಕ್ಕದ ಕೇಂದ್ರದಿಂದ ಬೇರೆ ತರಿಸ್ತಾ ಇದ್ದೀನಿ. ತಾಯಂದಿರು ಬೈತಾ ಕೂತಿದ್ದಾರೆ, ಬೈಲಿ ಬಿಡಿ.”

ಸಾಹೇಬರು ಫೋನ್ ಇಟ್ಟು ಎಡಗಡೆಯ ಚಿತ್ರವನ್ನು ಕೈಗೆತ್ತಿಕೊಂಡರು. ಆಮೇಲೆ ಅದನ್ನು ಎರಡಾಗಿ ಮಡಿಸಿ ಕಸದ ಬುಟ್ಟಿಗೆ ಹಾಕಿದರು. “ಪರದೆ ಇದ್ದ ಹಾಗೇ ಇರಲಿ” ಎಂದರು. “ಆದರೆ ಖಾಲಿ ಬಿಟ್ಟರೆ ನೋಡುವವರಿಗೆ ಏನು ತಿಳಿಯುತ್ತದೆ? ಅಲ್ಲೊಂದು ಬೂದು ಪಟ್ಟಿ ಹಾಕಿ, ಏನಾದರೂ ಬರೆಯಿರಿ” ಎಂದರು. ಅಚ್ಚುಕಟ್ಟಿನ ಮನುಷ್ಯ ತಾನೇ! ಅದು ಒಳ್ಳೆಯ ಮಾತು ಎಂದು ಅಕ್ಕನೂ ಒಪ್ಪುತ್ತಾರೆ. ಒಂಬತ್ತು ವರ್ಷದಲ್ಲಿ ಅದು ತಮಗೆ ಹೊಳೆದಿರಲಿಲ್ಲ ಎಂದು ನಾಲಗೆ ಕಚ್ಚಿಕೊಳ್ಳುತ್ತಾರೆ. ಈಗ ಗೆರೆ ಕಡಿದಲ್ಲೆಲ್ಲ ಬೂದು ಪಟ್ಟಿಯ ಮೇಲೆ ಪುಟ್ಟ ಅಕ್ಷರದಲ್ಲಿ ಹೀಗಿದೆ: “ಇಲ್ಲಿ ಏನಾಯಿತೋ ಗೊತ್ತಿಲ್ಲ. ಖುದ್ದಾಗಿ ನೋಡಿ.”

ಮೂರು ವಾರದ ನಂತರ ತಂಡ ಬಂತು. ಅವರಲ್ಲೊಬ್ಬರು ದೊಡ್ಡ ಪರದೆಯ ಮುಂದೆ ನಿಂತು, ಕನ್ನಡಕ ಏರಿಸಿ, “ಈ ಬೂದು ಪಟ್ಟಿಗಳೇನು? ಕೆಲಸ ಅರ್ಧಕ್ಕೇ ಬಿಟ್ಟಿದ್ದೀರಾ?” ಎಂದರು. ಸಾಹೇಬರು ಉತ್ತರಿಸಲು ಹೊರಟು ನಿಲ್ಲಿಸಿದರು. ಬಾಗಿಲ ಬಳಿ ಮುದುಡಿ ನಿಂತಿದ್ದ ಅಕ್ಕನ ಕಡೆ ತಿರುಗಿ, “ಅದನ್ನು ಬಿಟ್ಟವರು ಇವರು. ಇವರೇ ಹೇಳಲಿ” ಎಂದರು. ಹದಿನೈದು ವರ್ಷದಲ್ಲಿ ಆ ಸಭಾಂಗಣದಲ್ಲಿ ಅಕ್ಕ ಬಾಯಿ ತೆರೆದದ್ದು ಅದೇ ಮೊದಲು.

“ಅವತ್ತು ಏನು ಹೇಳಿದ್ರಿ?” ಎಂದು ಕೇಳಿದರೆ,

“ಏನಿದೆ ಹೇಳೋಕೆ? ಬರೆದಿತ್ತಲ್ಲ, ಅದನ್ನೇ ಓದಿದೆ.” ಅಕ್ಕ ನಗುತ್ತಾರೆ. ಗುತ್ತಿಗೆಯ ಕಾಗದಕ್ಕೆ ಸಹಿ ಬಿದ್ದಿದೆ, ಇನ್ನೊಂದು ವರ್ಷಕ್ಕೆ. ಪೇಜಿನ ಕೆಳಗೆ ಹೆಸರಂತೂ ಈಗಲೂ ಇಲ್ಲ.

ಆರು ಮುಕ್ಕಾಲು. ಕಿಟಕಿಯಾಚೆ ಬೆಳಕು ಬಲಿತಿದೆ, ಕೆಳಗಿನ ಅಂಗಳದಲ್ಲಿ ಲಸಿಕೆ ಸಾಗಿಸುವ ವ್ಯಾನು ಹೊರಡಲು ಗುರುಗುಟ್ಟುತ್ತಿದೆ. ಕಾಣೆಯಾದ ಇನ್ನೂರ ಮೂವತ್ತಮೂರು ಸಾಲುಗಳ ಪತ್ತೆಯಾಗಿದೆ. ಏಳು ಫ್ರಿಜ್ಜುಗಳ ಗೆರೆ ಕಡಿದಿದೆ. ಅಕ್ಕ ಏಳೂ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕಕ್ಕಿಡುತ್ತಾರೆ. ಉಳಿದ ಐವತ್ತೊಂದು ಹಸಿರು ಪಟ್ಟಿಯೊಳಗೆ ತೆಪ್ಪಗಿವೆ.

ಇಷ್ಟು ವರ್ಷ ಮಾಡಿದ್ದೀರಿ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಕುರ್ಚಿಯಲ್ಲಿ ಹಿಂದಕ್ಕೊರಗಿ ಯೋಚಿಸುತ್ತಾರೆ. ಕಾಯಂ ನೌಕರಿ ಎನ್ನಬಹುದು, ಪೇಜಿನ ಕೆಳಗೆ ಹೆಸರು ಎನ್ನಬಹುದು. ಅವರ ಕಣ್ಣು ಪರದೆಯ ಮೇಲೇ ಇದೆ.

“ಒಂದೇ ಒಂದು ದಿನ ಐವತ್ತೆಂಟು ಗೆರೆನೂ ಎಲ್ಲೂ ಕಡಿಯದೆ ಬರಬೇಕು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಬಂದಿಲ್ಲ, ನೋಡಿ. ಅವತ್ತು ಪುಟ್ಟೀನ ಕರ್ಕೊಂಡು ಬಂದು ಇದೇ ಕುರ್ಚಿಯಲ್ಲಿ ಕೂರಿಸಿ ತೋರಿಸ್ತೀನಿ. ಅತ್ತೆ ಒಂದನ್ನೂ ಜೋಡಿಸಿಲ್ಲ ಕಣೇ, ಎಲ್ಲಾ ತಾವಾಗೇ ಬಂದಿವೆ ಅಂತ ಹೇಳ್ತೀನಿ.”